ಗುಂಡು ಹಾರದಿದ್ರೆ ಮೊದಲು ಕೇಪು ನೋಡಿ, ಆಮೇಲೆ ಬೈಯಿರಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪತ್ರದ ಕಾಲಂನಲ್ಲಿ ಕಾಫಿ ತೋಟದ ಮಾಲೀಕರೊಬ್ಬರು ತಮ್ಮ ರಿವಾಲ್ವರ್ ಬಗ್ಗೆ ಬರೆದಿದ್ರಲ್ಲ, ಆರು ಗುಂಡು ತುಂಬಿದ್ರೆ ಎರಡು ಬರೀ ಕ್ಲಿಕ್ ಅಂತು, ದುಡ್ಡು ಕೊಟ್ಟವರಿಗೆ ಕಳಪೆ ಗುಂಡು ಮಾರ್ತಿದ್ದಾರೆ, ತನಿಖೆ ಆಗಬೇಕು ಅಂತ, ಅದಕ್ಕೆ ಉತ್ತರವಾಗಿ ಇದನ್ನ ಬರೀತಿದ್ದೀನಿ. ಪತ್ರ ಉದ್ದ ಆಗುತ್ತೆ, ಗೊತ್ತು. ಎಲ್ಲಿ ಬೇಕಾದ್ರೂ ಕತ್ತರಿ ಹಾಕಿ, ಗುಂಡು ಹಾರದೇ ಇದ್ದಾಗ ಆ ಕ್ಷಣಕ್ಕೆ ಏನು ಮಾಡಬೇಕು ಅನ್ನೋ ಭಾಗ ಮಾತ್ರ ದಯವಿಟ್ಟು ಬಿಡಬೇಡಿ.

ನಾನು ಸೈನ್ಯದಲ್ಲಿ ಯಂತ್ರ ಆಯುಧಗಳ ರಿಪೇರಿ ನೋಡ್ಕೊಳ್ಳೋ ಇಎಂಇ ವಿಭಾಗದಲ್ಲಿ ಆರ್ಮರರ್ ಆಗಿದ್ದವನು, ಅಂದ್ರೆ ಬೇರೆಯವರು ಹೊಡೆದು ಕೆಡಿಸಿದ ಆಯುಧ ರಿಪೇರಿ ಮಾಡೋ ಕೆಲಸ. ರಿಟೈರ್ ಆಗಿ ಬಂದ ಮೇಲೆ ಲೈಸೆನ್ಸ್ ಇರೋ ಒಂದು ಗನ್ ಶಾಪಲ್ಲಿ ರಿಪೇರಿ ಬೆಂಚಲ್ಲಿ ಕೂತ್ಕೊಳ್ತೀನಿ. ಹಾಗಾಗಿ ಆ ಪತ್ರ ಓದಿದಾಗ ನನಗೆ ಗುಂಡಿನ ಫ್ಯಾಕ್ಟರಿ ಮೇಲೆ ಸಿಟ್ಟು ಬರಲಿಲ್ಲ, ಆ ಯಜಮಾನರು ಬರೆದ ಎರಡು ಮಾತು ಕಣ್ಣಿಗೆ ಬಿತ್ತು. ಒಂದು, ಕ್ಲಿಕ್ ಅಂದ ಅದೇ ಎರಡು ಗುಂಡು ಇನ್ನೊಂದು ಸುತ್ತು ಬಂದಾಗ ಹಾರಿದ್ವು ಅಂತ ಅವರೇ ಬರೆದಿದ್ದಾರೆ. ಇನ್ನೊಂದು, ಹೊಡೆದ ಮೇಲೆ ಉಳಿಯೋ ಖಾಲಿ ಕೇಸು ನೋಡಿದ್ರೆ ಕೇಪಿಗೆ ಹೊಡೆಯೋ ಪಿನ್ನಿನ ಪೆಟ್ಟು ನಡುವಲ್ಲಿ ಇರಲಿಲ್ಲ, ಪಕ್ಕಕ್ಕೆ ಬಿದ್ದಿತ್ತು ಅಂತ. ಸ್ವಾಮಿ, ಗುಂಡು ಕಳಪೆ ಆಗಿದ್ರೆ ಎರಡನೇ ಸಲಕ್ಕೆ ಯಾಕೆ ಹಾರಬೇಕು? ಪೆಟ್ಟು ಪಕ್ಕಕ್ಕೆ ಬಿದ್ದಿದ್ದಕ್ಕೆ ಗುಂಡು ಮಾಡಿದವನು ಏನು ಮಾಡ್ತಾನೆ?

ಗುಂಡಿನ ಹಿಂಭಾಗದ ಮಧ್ಯೆ ಇರೋ ಆ ಪುಟ್ಟ ಕೇಪು ಒಳಗೆ ಹೇಗಿರುತ್ತೆ ಅಂತ ಗೊತ್ತಾದ್ರೆ ಉಳಿದಿದ್ದು ಸುಲಭ. ಹೊರಗೆ ಮೆದು ಲೋಹದ ಒಂದು ಬಟ್ಟಲು, ಅದರ ಒಳಗೆ ಪೆಟ್ಟು ಬಿದ್ರೆ ಹೊತ್ತಿಕೊಳ್ಳೋ ಮದ್ದು, ಆ ಮದ್ದಿಗೆ ಎದುರಾಗಿ ಆನ್ವಿಲ್ ಅನ್ನೋ ಸಣ್ಣ ಲೋಹದ ತುಂಡು, ಅದಕ್ಕೆ ಮಧ್ಯೆ ಮೊನೆ, ಸುತ್ತ ಕಾಲು. ಪಿನ್ನು ಬಂದು ಹೊಡೆದಾಗ ಬಟ್ಟಲು ಒಳಕ್ಕೆ ತಗ್ಗಾಗಿ ಮದ್ದು ಆನ್ವಿಲ್ ಮೊನೆಗೆ ಸಿಕ್ಕಿ ಜಜ್ಜಿ ಹೋಗುತ್ತೆ, ಆಗ ಕಿಡಿ. ಪೆಟ್ಟು ಮೆತ್ತಗಾದ್ರೆ ಸರಿಯಾಗಿ ಜಜ್ಜಲ್ಲ. ಪೆಟ್ಟು ಜೋರಾಗಿದ್ರೂ ತೀರಾ ಅಂಚಿಗೆ ಬಿದ್ರೆ ಮೊನೆಗೆ ಸಿಗಲ್ಲ, ಆಗಲೂ ಜಜ್ಜಲ್ಲ. ಕೂದಲೆಳೆಯಷ್ಟು ಆಚೆ ಈಚೆ ಆದ್ರೆ ತೊಂದರೆ ಇಲ್ಲ, ಒಳ್ಳೇ ರಿವಾಲ್ವರಲ್ಲೂ ಅಷ್ಟು ಇರುತ್ತೆ, ಅದಕ್ಕೆಲ್ಲ ನಿದ್ದೆ ಕೆಡಿಸ್ಕೊಬೇಡಿ. ಕೇಪಿನ ಅಂಚಿನ ಹತ್ತಿರಕ್ಕೆ ಹೋಗಿದೆ ಅಂದ್ರೆ ಮಾತ್ರ ಯೋಚನೆ ಮಾಡಬೇಕು.

ಈಗ ಆ ಮುಖ್ಯವಾದ ಭಾಗ. ಟ್ರಿಗರ್ ಎಳೆದು ಕ್ಲಿಕ್ ಅಂದ ತಕ್ಷಣ ನಮ್ಮ ಜನ ಎರಡು ಕೆಲಸ ಮಾಡ್ತಾರೆ, ಒಂದೋ ರಿವಾಲ್ವರ್ ತಿರುಗಿಸಿ ನಳಿಗೆ ಒಳಗೆ ಇಣುಕ್ತಾರೆ, ಇಲ್ಲಾ ಟಕ ಟಕ ಅಂತ ಮತ್ತೆ ಎಳೀತಾರೆ. ಎರಡೂ ಹುಚ್ಚು ಕೆಲಸ. ಕೆಲವು ಸಲ ಕೇಪು ಹೊತ್ತಿರುತ್ತೆ ಆದ್ರೆ ಕೇಸಿನ ಒಳಗಿನ ಮದ್ದು ತಡವಾಗಿ ಹಿಡಿಯುತ್ತೆ, ಹ್ಯಾಂಗ್ ಫೈರ್ ಅಂತಾರೆ ಅದನ್ನ. ಪಿಸ್ತೂಲಲ್ಲಿ, ಬಂದೂಕಲ್ಲಿ ಆ ಗುಂಡು ಬ್ಯಾರಲ್ ಎದುರಿಗೇ ಕೂತಿರುತ್ತೆ, ತಡವಾಗಿ ಹೊಡೆದ್ರೂ ಬ್ಯಾರಲ್ ಒಳಗಿಂದಲೇ ಹೋಗುತ್ತೆ. ರಿವಾಲ್ವರ್ ಕಥೆ ಬೇರೆ, ಮತ್ತೆ ಟ್ರಿಗರ್ ಎಳೆದ ಕೂಡಲೇ ಗುಂಡು ತುಂಬೋ ಸಿಲಿಂಡರ್ ತಿರುಗಿ ಆ ಗುಂಡು ಬ್ಯಾರಲ್ ಎದುರಿಂದ ಪಕ್ಕಕ್ಕೆ ಸರಿಯುತ್ತೆ, ಅದು ಆಗ ಹೊತ್ತಿಕೊಂಡ್ರೆ ಹೋಗೋಕೆ ದಾರಿನೇ ಇಲ್ಲ, ಫ್ರೇಮಿಗೆ ಹೊಡೆದು ಸೀಸದ ಚೂರು ಎಲ್ಲಿ ಬೇಕಾದ್ರೂ ಹಾರುತ್ತೆ, ಕೈ ಬೆರಳೂ ಹೋಗಬಹುದು. ಅದಕ್ಕೇ ಕ್ಲಿಕ್ ಅಂದ್ರೆ ನಳಿಗೆ ಗುರಿ ಕಡೆಗೇ ಇರಲಿ, ಬೆರಳು ಟ್ರಿಗರಿಂದ ಹೊರಗೆ ಬರಲಿ, ಕಮ್ಮಿ ಅಂದ್ರೆ 30 ಸೆಕೆಂಡ್ ಹಾಗೇ ಹಿಡ್ಕೊಂಡು ನಿಲ್ಲಿ. ಆಮೇಲೆ ತೆರೆದು ಆ ಗುಂಡು ತೆಗೀರಿ. ಢಂ ಅನ್ನೋ ಬದಲು ಪುಸ್ ಅಂತ ಸದ್ದು ಬಂದ್ರೆ ಇನ್ನೂ ಹುಷಾರು, ಕೇಪು ಮಾತ್ರ ಹೊತ್ತಿ ಸೀಸ ಬ್ಯಾರಲ್ ಮಧ್ಯೆ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದ್ರೆ ಬ್ಯಾರಲ್ ಉಬ್ಬುತ್ತೆ ಇಲ್ಲಾ ಸೀಳುತ್ತೆ. ಎಲ್ಲಾ ಗುಂಡು ತೆಗೆದು ಖಾಲಿ ಮಾಡಿ, ತೆರೆದ ಸ್ಥಿತಿಯಲ್ಲೇ ಹಿಂದಿನಿಂದ ಬ್ಯಾರಲ್ ಒಳಗೆ ಬೆಳಕು ಬಿಟ್ಟು ನೋಡದೆ ಮುಂದಿನ ಗುಂಡು ಹೊಡೀಲೇಬಾರದು.

ಇನ್ನೊಂದು ಮಾತು ಹೇಳಿಬಿಡ್ತೀನಿ. ಆ ಯಜಮಾನರು ಆಯುಧಪೂಜೆ ದಿನ ತೋಟದಲ್ಲಿ ಗಾಳೀಲಿ ಹೊಡೆದು ನೋಡಿದೆ ಅಂತ ಪೇಪರಲ್ಲೇ ಬರ್ಕೊಂಡಿದ್ದಾರೆ! 2019ರಲ್ಲಿ ಆರ್ಮ್ಸ್ ಆಕ್ಟಿಗೆ ತಿದ್ದುಪಡಿ ಆದ ಮೇಲೆ ಸಂಭ್ರಮಕ್ಕೆ ಅಂತ ಜನರ ಜೀವಕ್ಕೆ ಅಪಾಯ ಆಗೋ ಹಾಗೆ ಗುಂಡು ಹಾರಿಸಿದ್ರೆ 2 ವರ್ಷದ ತನಕ ಜೈಲು, ಇಲ್ಲಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ. ಮೇಲಕ್ಕೆ ಹೋದ ಗುಂಡು ತೋಟದ ಕೆಲಸದವರ ಯಾರದೋ ಲೈನ್ ಮನೆ ಹೆಂಚಿನ ಮೇಲೆ ಕೆಳಗೆ ಬರಲೇಬೇಕಲ್ವಾ. ಟೆಸ್ಟ್ ಮಾಡೋದಿದ್ರೆ ರೈಫಲ್ ಅಸೋಸಿಯೇಷನ್ ರೇಂಜ್ ಇದೆ, ಅಲ್ಲಿ ಅನುಮತಿ ಕೇಳಿ ಹೋಗಿ.

ಸರಿ, ವಿಷಯಕ್ಕೆ ಬರ್ತೀನಿ. ಯಾರಾದ್ರೂ ಬೆಂಚಿಗೆ ರಿವಾಲ್ವರ್ ತಂದು ಮಿಸ್ ಆಗ್ತಿದೆ ಅಂದ್ರೆ ನಾನು ಮೊದಲು ಕೇಳೋದು ಖಾಲಿ ಕೇಸು ಮತ್ತು ಹಾರದೇ ಉಳಿದ ಗುಂಡು ಎಲ್ಲಿ ಅಂತ. ಹತ್ತರಲ್ಲಿ ಒಂಬತ್ತು ಜನ ಬಿಸಾಕಿ ಬಂದಿರ್ತಾರೆ. ಡಾಕ್ಟರ್ ಹತ್ರ ಹೋಗಿ ಬ್ಲಡ್ ರಿಪೋರ್ಟ್ ಹರಿದು ಹಾಕ್ದೆ ಅಂದ ಹಾಗೆ ಆಯ್ತು ಇದು. ಅದರಲ್ಲೂ ಹಾರದೇ ಇದ್ದ ಗುಂಡಿನ ಮೇಲಿನ ಗುರುತೇ ನಿಜ ಹೇಳೋದು. ಯಾಕಂದ್ರೆ ಗುಂಡು ಹಾರಿದಾಗ ಒಳಗಿನ ಒತ್ತಡಕ್ಕೆ ಕೇಪು ಹಿಂದಕ್ಕೆ ಬಂದು ಪಿನ್ನಿನ ಸುತ್ತ ಒತ್ತಿಕೊಳ್ಳುತ್ತೆ, ತಗ್ಗಿನ ಆಕಾರನೇ ಬದಲಾಗುತ್ತೆ, ಅದನ್ನ ನೋಡಿ ಪೆಟ್ಟು ಎಷ್ಟು ಆಳ ಬಿದ್ದಿತ್ತು ಅಂತ ಹೇಳಕ್ಕಾಗಲ್ಲ. ಹಾರದ ಗುಂಡಲ್ಲಿ ಪಿನ್ನು ಕೊಟ್ಟ ಪೆಟ್ಟು ಹಾಗ್ಹಾಗೇ ಉಳಿದಿರುತ್ತೆ. ಒಂದು ಲೆನ್ಸು, ಒಂದು ಟಾರ್ಚು ಇದ್ರೆ ಸಾಕು. ದುಂಡಗೆ ಬಟ್ಟಲಿನ ಹಾಗೆ ಆಳ ಇದೆಯಾ, ಗುಂಡುಸೂಜಿ ತಲೆ ಒತ್ತಿದಷ್ಟೇ ಇದೆಯಾ, ನಡುವಲ್ಲಿದೆಯಾ, ಪಕ್ಕಕ್ಕಿದೆಯಾ.

ತಗ್ಗು ಆಳವಾಗಿದೆ, ನಡುವಲ್ಲೇ ಬಿದ್ದಿದೆ, ಆದ್ರೂ ಹಾರಿಲ್ಲ ಅಂದ್ರೆ ಆಗ ಗುಂಡಿನ ಮೇಲೆ ದೂರು ಹೇಳಿ, ನಾನೂ ನಿಮ್ಮ ಜೊತೆ ಸಹಿ ಹಾಕ್ತೀನಿ. ಅದೂ ಪೂರ್ತಿ ಗುಂಡು ಮಾಡಿದವರ ತಪ್ಪೇ ಆಗಬೇಕು ಅಂತಿಲ್ಲ. ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತೆ ಅಂತ ಗುಂಡು ತುಂಬಿದ ಸಿಲಿಂಡರಿಗೇ ಸ್ಪ್ರೇ ಎಣ್ಣೆ ಹೊಡೆಯೋರಿದ್ದಾರೆ, ಆ ತೆಳು ಎಣ್ಣೆ ನಿಧಾನಕ್ಕೆ ಕೇಪಿನ ಸಂದಿಯಲ್ಲಿ ಇಳಿದು ಮದ್ದನ್ನೇ ಸಾಯಿಸಿಬಿಡಬಹುದು. ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ವರ್ಷಗಟ್ಟಲೆ ಗುಂಡು ಸಿಗಿಸಿ ಇಡೋರೂ ಇದ್ದಾರೆ, ಚರ್ಮದ ಹದಕ್ಕೆ ಹಾಕಿದ ಆಮ್ಲಕ್ಕೂ ಮಲೆನಾಡಿನ ತೇವಕ್ಕೂ ಹಿತ್ತಾಳೆ ಹಸಿರಾಗಿ ಕಿಲುಬು ಹಿಡಿಯುತ್ತೆ. ಕಿಲುಬು ಹಿಡಿದ ಗುಂಡು ಚೇಂಬರಲ್ಲಿ, ಅಂದ್ರೆ ಸಿಲಿಂಡರಿನ ತೂತಲ್ಲಿ, ಪೂರ್ತಿ ಕೂರಲ್ಲ, ಹಿಂದಕ್ಕೆ ಒಂಚೂರು ಎದ್ದಿರುತ್ತೆ. ಪಿನ್ನು ಹೊಡೆದಾಗ ಆ ಪೆಟ್ಟಿನ ಶಕ್ತಿ ಗುಂಡನ್ನ ಮುಂದಕ್ಕೆ ತಳ್ಳೋಕೇ ಖರ್ಚಾಗುತ್ತೆ, ಕೇಪು ಜಜ್ಜೋಕೆ ಉಳಿಯಲ್ಲ. ಎರಡನೇ ಪೆಟ್ಟಿಗೆ ಗುಂಡು ಕೂತಿರುತ್ತೆ, ಹಾರುತ್ತೆ. ಎರಡನೇ ಸಲಕ್ಕೆ ಹಾರಿತು ಅಂದ್ರೆ ನಾನು ಮೊದಲು ಹುಡುಕೋದೇ ಇದನ್ನ.

ಅದೇ ಲೆಕ್ಕದಲ್ಲಿ ಕೇಪೇ ಸರಿಯಾಗಿ ಒಳಗೆ ಕೂತಿಲ್ಲದೇ ಇದ್ರೂ ಹೀಗೇ ಆಗುತ್ತೆ, ಮೊದಲ ಪೆಟ್ಟು ಕೇಪನ್ನ ಒಳಗೆ ಕೂರಿಸುತ್ತೆ, ಎರಡನೇದು ಹೊತ್ತಿಸುತ್ತೆ. ಕೇಪು ಕೇಸಿನ ಹಿಂಭಾಗಕ್ಕಿಂತ ಒಂದು ಕೂದಲೆಳೆಯಷ್ಟು ಒಳಗೇ ಇರಬೇಕು. ಬೆರಳು ಸವರಿದ್ರೆ ಗೊತ್ತಾಗುತ್ತೆ, ಇಲ್ಲಾಂದ್ರೆ ಚಪ್ಪಟೆ ಗಾಜಿನ ಮೇಲೆ ಗುಂಡನ್ನ ನಿಲ್ಲಿಸಿ ನೋಡಿ, ತೊನೆದಾಡಿದ್ರೆ ಕೇಪು ಹೊರಗೆ ಬಂದಿದೆ ಅಂತ. ಇದು ಗುಂಡಿನದ್ದೇ ದೋಷ, ಒಪ್ತೀನಿ. ಚೇಂಬರ್ ಒಳಗಿನ ಮಸಿಯನ್ನೂ ಮರೀಬೇಡಿ. ಪಾಯಿಂಟ್ 32 (ಗುಂಡಿನ ದಪ್ಪದ ಅಳತೆ) ಲಾಂಗ್ ರಿವಾಲ್ವರಲ್ಲಿ ಪಾಯಿಂಟ್ 32 ಶಾರ್ಟ್ ಗುಂಡೂ ಹೋಗುತ್ತೆ, ಹಾರುತ್ತೂ ಹಾರುತ್ತೆ, ಆದ್ರೆ ಶಾರ್ಟ್ ಕೇಸು ಮುಗಿಯೋ ಜಾಗದಲ್ಲಿ ಒಳಗೆ ಸುತ್ತಲೂ ಮಸಿ ಸೀಸದ ಒಂದು ಉಂಗುರ ಕಟ್ಟುತ್ತೆ, ಆಮೇಲೆ ಲಾಂಗ್ ಹಾಕಿದ್ರೆ ಆ ಉಂಗುರಕ್ಕೆ ತಾಗಿ ನಿಲ್ಲುತ್ತೆ. ತಾತನ ಕಾಲದ ಡಬ್ಬಿಯಲ್ಲಿ ಸಿಕ್ಕಿದ ಶಾರ್ಟ್ ಹೊಡೆದವರ ಮನೆ ರಿವಾಲ್ವರ್ ಬಂದ್ರೆ ನಾನು ಬೇರೇನೂ ನೋಡೋ ಮುಂಚೆ ಚೇಂಬರಿಗೆ ಬ್ರಶ್ ಹಾಕ್ತೀನಿ.

ಇನ್ನು ಗುಂಡು ಸರಿ ಇದೆ, ಸರಿಯಾಗಿ ಕೂತಿದೆ, ತಗ್ಗು ಮಾತ್ರ ಮೇಲ್ಮೇಲೆ ಇದೆ ಅಂದ್ರೆ ಪಿನ್ನನ್ನ ಕೇಪಿಗೆ ಬಡಿಯೋ ಹ್ಯಾಮರಿಗೆ ಬಲ ಇಲ್ಲ. ಇದಕ್ಕೆ ಒಂದು ಸುಲಭದ ಸುಳಿವಿದೆ. ಹ್ಯಾಮರನ್ನ ಹೆಬ್ಬೆರಳಲ್ಲಿ ಪೂರ್ತಿ ಎಳೆದಿಟ್ಟು ಹೊಡೆದ್ರೆ ಎಲ್ಲಾ ಹಾರುತ್ತೆ, ಸೀದಾ ಟ್ರಿಗರ್ ಎಳೆದು ಡಬಲ್ ಆಕ್ಷನ್ನಲ್ಲಿ ಹೊಡೆದಾಗ ಮಾತ್ರ ಮಿಸ್ ಆಗುತ್ತೆ ಅಂದ್ರೆ ಬಲ ಗಡಿಯಲ್ಲಿ ನಿಂತಿದೆ ಅಂತ ಅರ್ಥ, ಯಾಕಂದ್ರೆ ಡಬಲ್ ಆಕ್ಷನ್ನಲ್ಲಿ ಸಾಮಾನ್ಯವಾಗಿ ಹ್ಯಾಮರ್ ಅಷ್ಟು ಹಿಂದಕ್ಕೆ ಹೋಗೋ ಮುಂಚೆನೇ ಬಿಟ್ಟುಬಿಡುತ್ತೆ, ಬೀಳೋ ದೂರ ಕಮ್ಮಿ. ಬಲ ಕಮ್ಮಿ ಆಗೋಕೆ ಮೂರ್ನಾಕು ಕಾರಣ. ಸ್ಪ್ರಿಂಗು ಹಳತಾಗಿ ಸೋತಿರಬಹುದು. ಸ್ಮಿತ್ ಅಂಡ್ ವೆಸನ್ ತರದ ಹಳೇ ಫಾರಿನ್ ರಿವಾಲ್ವರಲ್ಲಿ ಹಿಡಿಕೆ ಮುಂದಿನ ಸಣ್ಣ ಸ್ಕ್ರೂ ಸ್ಪ್ರಿಂಗಿಗೆ ಬಿಗಿ ಕೊಡುತ್ತೆ, ಅದು ಸಡಿಲ ಆದ್ರೆ ಪೆಟ್ಟೂ ಮೆತ್ತಗೆ. ಆ ಸ್ಕ್ರೂ ತಾನಾಗೇ ಸಡಿಲ ಆಗೋದು ಒಂದು ಕಡೆ, ಟ್ರಿಗರ್ ಗಟ್ಟಿ ಇದೆ ಸ್ವಲ್ಪ ಮೆತ್ತಗೆ ಮಾಡಿಕೊಡಿ ಅಂತ ಯಾರ್ಯಾರ ಹತ್ರನೋ ಸಡಿಲ ಮಾಡಿಸ್ಕೊಳ್ಳೋದು, ಸ್ಪ್ರಿಂಗ್ ಉಜ್ಜಿಸೋದು, ಸುರುಳಿ ಕತ್ತರಿಸೋದು ಇನ್ನೊಂದು ಕಡೆ. ಮೆತ್ತಗಿನ ಟ್ರಿಗರ್ ಬೇಕು, ಗಟ್ಟಿ ಪೆಟ್ಟೂ ಬೇಕು ಅಂದ್ರೆ ಎಲ್ಲಿಂದ ತರೋದು ಸ್ವಾಮಿ.

ನಮ್ಮ ಕಡೆ ಇದಕ್ಕಿಂತ ಜಾಸ್ತಿ ಸಿಗೋದು ಜಿಡ್ಡು. ಕೊಬ್ಬರಿ ಎಣ್ಣೆ ಹಾಕಿ ಇಟ್ಟಿದ್ದೀನಿ ಸಾರ್ ಚೆನ್ನಾಗಿದೆ ಅಂತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿ ಆಗುತ್ತೆ, ಡಿಸೆಂಬರ್ ಜನವರಿ ಬೆಳಗಿನ ಜಾವ ನಮ್ಮೂರಲ್ಲಿ ಬಾತ್‌ರೂಮ್ ಬಾಟ್ಲಿಯಲ್ಲೇ ಹೆಪ್ಪುಗಟ್ಟುತ್ತಲ್ಲ, ರಿವಾಲ್ವರ್ ಒಳಗೆ ಬೇರೆ ತರ ಇರುತ್ತಾ? ಚಳಿ ಇಲ್ಲದಿದ್ರೂ ವರ್ಷ ಕಳೆದ್ರೆ ಅಂಟಾಗಿ ಹ್ಯಾಮರ್ ಓಡಾಡೋ ಸಂದಿಯಲ್ಲಿ ಗೋಂದು ಹಚ್ಚಿದ ಹಾಗೆ ಹಿಡ್ಕೊಳ್ಳುತ್ತೆ. ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಸಾಕು, ಒರೆಸಿ ತೆಗೆದ ಮೇಲೆ ಕಂಡೂ ಕಾಣದ ಹಾಗೆ ಇರಬೇಕು. ಇನ್ನು ಪೂಜೆ. ಕೊಡವರ ಆಯುಧದ ಹಬ್ಬ ಕೈಲ್ ಪೊಳ್ದ್ ಆಗಲಿ ಆಯುಧಪೂಜೆ ಆಗಲಿ ನಾನು ಬೇಡ ಅನ್ನಲ್ಲ, ನಾನೂ ನನ್ನ ಸ್ಪ್ಯಾನರ್ ಸೆಟ್ಟಿಗೆ ಹೂವಿಟ್ಟು ಕೈ ಮುಗಿಯೋನೇ. ಆದ್ರೆ ಅರಿಶಿನ ಕುಂಕುಮ ಗಂಧ ಕಲಸಿ ಹ್ಯಾಮರ್ ಮೇಲೇ ಮೆತ್ತಿದ್ರೆ ಅದು ಒಣಗಿ ಉದುರಿ ಪಿನ್ನು ಬರೋ ತೂತಿಗೆ ಇಳಿಯುತ್ತೆ. ಒಂದು ರಿವಾಲ್ವರ್ ಬಿಚ್ಚಿದಾಗ ಆ ತೂತಿಂದ ಕಡ್ಡಿಯಲ್ಲಿ ಕೆರೆದು ತೆಗೆದಿದ್ದು ಕೆಂಪು ಹಳದಿ ಬೆರೆತ ಗಟ್ಟಿ ಪುಡಿ, ಎಣ್ಣೆ ಜೊತೆ ಸೇರಿ ಸಿಮೆಂಟ್ ಆಗಿತ್ತು, ಪಿನ್ನು ಅರ್ಧಕ್ಕೇ ನಿಲ್ತಿತ್ತು. ಕುಂಕುಮ ಹಿಡಿಕೆಗೆ ಇಡಿ, ದೇವರು ಬೇಜಾರು ಮಾಡ್ಕೊಳ್ಳಲ್ಲ.

ಪಿನ್ನನ್ನೂ ನೋಡಬೇಕು. ಹಳೇ ಇಂಗ್ಲಿಷ್ ವೆಬ್ಲಿ ರಿವಾಲ್ವರ್ ತರದವುಗಳಲ್ಲಿ ಪಿನ್ನು ಹ್ಯಾಮರ್ ಮೂಗಲ್ಲೇ ಇರುತ್ತೆ, ಬೇರೆ ಕೆಲವು ಮಾಡೆಲ್‌ಗಳಲ್ಲಿ ಫ್ರೇಮ್ ಒಳಗೆ ಕೂತಿರುತ್ತೆ. ತುದಿ ದುಂಡಗೆ ನಯವಾಗಿರಬೇಕು, ಮುರಿದು ಚೂಪಾಗಿದ್ರೆ ಕೇಪನ್ನ ತೂತು ಮಾಡಿ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತೆ, ಸವೆದು ಗಿಡ್ಡ ಆಗಿದ್ರೆ ಪೆಟ್ಟು ಮುಟ್ಟಲ್ಲ. ಮನೇಲಿ ಟಿವಿ ನೋಡ್ತಾ ಖಾಲಿ ರಿವಾಲ್ವರ್ ಟಿಕ್ ಟಿಕ್ ಅನ್ನಿಸ್ತಾ ಕೂರೋರ ಹಳೇ ಪಿನ್ನುಗಳು ಬೇಗ ಮುರಿಯುತ್ತೆ. ಅಷ್ಟು ಆಸೆ ಇದ್ರೆ ಡಮ್ಮಿ ಸ್ನ್ಯಾಪ್ ಕ್ಯಾಪ್ ಹಾಕ್ಕೊಳ್ಳಿ. ದಯವಿಟ್ಟು ಪಿನ್ನಿಗೆ ನೀವೇ ಅರ ಹಾಕಬೇಡಿ. ಕೇಪಿನ ಮೇಲೆ ಪಿನ್ನು ಬಿಟ್ಟ ಗುರುತನ್ನೇ ಮೈಕ್ರೋಸ್ಕೋಪಲ್ಲಿ ಹೋಲಿಸಿ ಯಾವ ಆಯುಧದಿಂದ ಹಾರಿದ್ದು ಅಂತ ಬೆಂಗಳೂರು ಮಡಿವಾಳದ ಎಫ್‌ಎಸ್‌ಎಲ್, ಅಂದ್ರೆ ವಿಧಿವಿಜ್ಞಾನ ಪ್ರಯೋಗಾಲಯದವರು ಹೇಳೋದು, ಮುಂದೊಂದು ದಿನ ಯಾವುದಾದ್ರೂ ಕೇಸಲ್ಲಿ ನಿಮ್ಮ ರಿವಾಲ್ವರ್ ಅಲ್ಲಿಗೆ ಹೋಗಿ ಪಿನ್ನಿಗೆ ಅರ ಹಾಕಿರೋದು ಕಂಡ್ರೆ ಉತ್ತರ ಕೊಡೋರು ನೀವೇ.

ಈಗ ಪಕ್ಕಕ್ಕೆ ಬೀಳೋ ಪೆಟ್ಟು. ಇದೇ ಸ್ವಲ್ಪ ತಲೆ ಉಪಯೋಗಿಸಬೇಕಾದ ಜಾಗ. ಬರೀ ಖಾಲಿ ಕೇಸು ತಂದು ಕೊಟ್ರೆ ಪೆಟ್ಟು ಎಡಕ್ಕೆ ಬಿದ್ದಿತ್ತಾ ಮೇಲಕ್ಕೆ ಬಿದ್ದಿತ್ತಾ ಅಂತ ಹೇಳಕ್ಕೆ ಆಗಲ್ಲ, ಕೇಸು ದುಂಡಗಿದೆ, ಯಾವ ಕಡೆ ಬೇಕಾದ್ರೂ ತಿರುಗುತ್ತೆ. ಅದಕ್ಕೆ ರೇಂಜಲ್ಲಿ ಹೊಡೆಯೋ ಮುಂಚೆ ಮಾರ್ಕರ್ ಪೆನ್ನಲ್ಲಿ ಪ್ರತಿ ಗುಂಡಿನ ಹಿಂಭಾಗದಲ್ಲಿ 1ರಿಂದ 6ರ ತನಕ ನಂಬರ್ ಬರೆದು, ಸಿಲಿಂಡರ್ ಚೇಂಬರಿಗೂ ಅದೇ ನಂಬರ್ ಹಾಕಿ, ಗುಂಡು ಕೂರಿಸಿದ ಮೇಲೆ ಸಿಲಿಂಡರಿನ ಹೊರ ಅಂಚಿನ ಕಡೆಗೆ ಇರೋ ಜಾಗಕ್ಕೆ ಒಂದು ಸಣ್ಣ ಗೆರೆ ಎಳೀರಿ. ಆ ಚೇಂಬರ್ ಬ್ಯಾರಲ್ ಎದುರಿಗೆ ಬಂದಾಗ ಆ ಗೆರೆನೇ ಮೇಲ್ಗಡೆ. ಹೊಡೆದು ಮುಗಿದ ಮೇಲೆ ಕೇಸುಗಳನ್ನ ಗೆರೆ ಮೇಲೆ ಬರೋ ಹಾಗೆ ಸಾಲಾಗಿ ನಿಲ್ಲಿಸಿದ್ರೆ ರಿವಾಲ್ವರಿನ ಜಾತಕ ಎದುರಿಗೆ ಬಂದ ಹಾಗೆ. ಪೆಟ್ಟು ಎಡಕ್ಕೋ ಬಲಕ್ಕೋ ಬಿದ್ದಿದ್ರೆ ಸಿಲಿಂಡರ್ ತಿರುಗೋದ್ರಲ್ಲಿ ತಪ್ಪಿದೆ, ಇಲ್ಲಾ ಮಧ್ಯೆ ಮುರಿದು ತೆರೆಯೋ ರಿವಾಲ್ವರಾದ್ರೆ ಹಿಂಜ್ ಪಕ್ಕಕ್ಕೆ ಅಲ್ಲಾಡ್ತಿದೆ. ಮೇಲಕ್ಕೋ ಕೆಳಕ್ಕೋ ಬಿದ್ದಿದ್ರೆ ಹಿಂಜ್, ಲಾಚ್, ಸಿಲಿಂಡರ್ ಹಿಡಿಯೋ ತೋಳು, ಇಲ್ಲಾ ಪಿನ್ನೇ ವಾರೆ. ಆರರಲ್ಲೂ ಒಂದೇ ಕಡೆಗೆ ಬಿದ್ದಿದ್ರೆ ಆರಕ್ಕೂ ಸೇರಿದ ಯಾವುದೋ ಒಂದು ಪಾರ್ಟು ಹೋಗಿದೆ. ಒಂದೇ ಒಂದು ಚೇಂಬರಲ್ಲಿ ಮಾತ್ರ ಹಾಗಾಗಿದ್ರೆ ಆ ಚೇಂಬರಿನ ಹಲ್ಲೋ, ಲಾಕ್ ಕೂರೋ ಕಚ್ಚೋ ಸವೆದಿದೆ.

ತಿರುಗೋ ವ್ಯವಸ್ಥೆ ಹೇಳಬೇಕಂದ್ರೆ, ಟ್ರಿಗರ್ ಎಳೆದಾಗ ಒಳಗಿಂದ ಒಂದು ಕೈ ಬಂದು ಸಿಲಿಂಡರ್ ಹಿಂದಿನ ಹಲ್ಲನ್ನ ತಳ್ಳುತ್ತೆ, ಸಿಲಿಂಡರ್ ಆರನೇ ಒಂದು ಸುತ್ತು ತಿರುಗುತ್ತೆ, ಲಾಕ್ ಟಕ್ ಅಂತ ಕಚ್ಚಲ್ಲಿ ಕೂರುತ್ತೆ, ಆಮೇಲೆ ಹ್ಯಾಮರ್ ಬೀಳುತ್ತೆ. ಈ ವರಸೆ ತಪ್ಪಬಾರದು. ರಿವಾಲ್ವರ್ ಖಾಲಿ ಇದೆ ಅಂತ ಎರಡೆರಡು ಸಲ ನೋಡಿ, ಗುಂಡಿನ ಡಬ್ಬಿ ಬೇರೆ ರೂಮಲ್ಲಿಟ್ಟು, ನಳಿಗೆ ಗೋಡೆಯಾಚೆ ಯಾರೂ ಇಲ್ಲದ ಕಡೆ ಹಿಡಿದು, ಸಿಲಿಂಡರ್ ಮೇಲೆ ಬೆರಳಿನ ಹಗುರ ಒತ್ತಡ ಇಟ್ಟು ಹ್ಯಾಮರನ್ನ ತೀರಾ ನಿಧಾನಕ್ಕೆ ಹಿಂದಕ್ಕೆ ಎಳೀರಿ. ಹ್ಯಾಮರ್ ಪೂರ್ತಿ ಹಿಂದೆ ಹೋಗಿ ನಿಂತ ಮೇಲೂ ಲಾಕ್ ಟಕ್ ಅಂದಿಲ್ಲ ಅಂದ್ರೆ ಆ ಚೇಂಬರ್ ಹಿಂದೆ ಬೀಳ್ತಿದೆ. ಪ್ರತಿ ಚೇಂಬರಿಗೂ ಮಾಡಿ ನೋಡಿ. ಇಂಥದ್ದು ಜೋರಾಗಿ ಎಳೆದಾಗ ಸಿಲಿಂಡರಿನ ಓಟಕ್ಕೇ ಬಂದು ಸರಿಯಾಗಿ ಕೂತು ಬಿಡುತ್ತೆ, ನಿಧಾನಕ್ಕೆ ಗುರಿ ಇಟ್ಟು ಹೊಡೆದಾಗ ಮಾತ್ರ ಪೆಟ್ಟು ಪಕ್ಕಕ್ಕೆ. ಇದಕ್ಕೆ ಉಲ್ಟಾನೂ ಇದೆ, ನಿಧಾನಕ್ಕೆ ಸರಿ, ಜೋರಾಗಿ ಎಳೆದ್ರೆ ಲಾಕ್ ಹಿಡೀದೆ ಸಿಲಿಂಡರ್ ಮುಂದಕ್ಕೆ ಜಾರಿ ಹೋಗುತ್ತೆ, ಅಂದ್ರೆ ಕಚ್ಚಿನ ಅಂಚು ಬಡಿದು ಬಡಿದು ದುಂಡಗಾಗಿದೆ ಇಲ್ಲಾ ಲಾಕಿನ ಸ್ಪ್ರಿಂಗ್ ಸೋತಿದೆ. ಎರಡೂ ಅಪಾಯದ್ದೇ, ಯಾಕಂದ್ರೆ ಪೆಟ್ಟು ಪಕ್ಕಕ್ಕೆ ಬೀಳೋದು ಹೊರಗೆ ಕಾಣೋ ಗುರುತು ಅಷ್ಟೇ, ನಿಜವಾದ ವಿಷಯ ಏನಂದ್ರೆ ಚೇಂಬರ್ ಬ್ಯಾರಲ್ ಎದುರಿಗೆ ನೆಟ್ಟಗೆ ನಿಂತಿಲ್ಲ. ಸೀಸ ಬ್ಯಾರಲ್ ಬಾಯಿಯ ಅಂಚಿಗೆ ತಾಗಿ ಕೆತ್ತಿಕೊಂಡು ಹೋಗುತ್ತೆ, ಆ ಕೆತ್ತಿದ ಚೂರು ಸಂದಿಯಿಂದ ಪಕ್ಕಕ್ಕೆ ಚಿಮ್ಮುತ್ತೆ. ಪಕ್ಕದಲ್ಲಿ ನಿಂತವರು ಕೆನ್ನೆಗೆ ಏನೋ ಚುರುಕ್ ಅಂತು ಅಂದ್ರೆ ಅವತ್ತೇ ಆ ರಿವಾಲ್ವರ್ ನಿಲ್ಲಿಸಿ.

ಇನ್ನು ನಮ್ಮ ಯಜಮಾನರ ರಿವಾಲ್ವರ್. ಅಪ್ಪನ ಕಾಲದ್ದು, ಪಾಯಿಂಟ್ 32, ಮಧ್ಯೆ ಮುರಿದು ತೆರೆಯೋದು ಅಂತ ಬರೆದಿದ್ದಾರೆ. ನಮ್ಮ ದೇಶದಲ್ಲಿ ಲೈಸೆನ್ಸ್‌ದಾರರ ಕೈಲಿ ಜಾಸ್ತಿ ಇರೋ ತರದ್ದು, ಕಾನ್ಪುರದಲ್ಲಿ ತಯಾರಾಗೋ ಇವು ಹಳೇ ವೆಬ್ಲಿ ಮಾರ್ಕ್ 4ರ ನಕ್ಷೆಯಿಂದ ಬಂದವು, 2014ರಲ್ಲಿ ಬಂದ ನಿರ್ಭೀಕ್ ಅನ್ನೋ ರಿವಾಲ್ವರ್ ಕೂಡ ಅದೇ ವಂಶ. ಸಿಲಿಂಡರ್ ಪಕ್ಕಕ್ಕೆ ತೆರೆಯೋ ಪ್ರಬಲ್ ಬಂದಿದ್ದು 2023ರಲ್ಲಿ. ಮುರಿದು ತೆರೆಯೋ ತರದಲ್ಲಿ ಬ್ಯಾರಲ್ಲು ಸಿಲಿಂಡರು ಎರಡೂ ಒಂದೇ ಭಾಗದಲ್ಲಿ ಇರುತ್ತೆ, ಹ್ಯಾಮರ್ ಇನ್ನೊಂದು ಭಾಗದಲ್ಲಿ, ಎರಡನ್ನೂ ಸೇರಿಸೋದು ಕೆಳಗಿನ ಹಿಂಜ್ ಪಿನ್ನು ಮತ್ತು ಮೇಲಿನ ಲಾಚು. ಹಿಂಜ್ ಸವೆದ್ರೆ ಮುಂದಿನ ಭಾಗ ಪೂರ್ತಿ ಎಡಬಲಕ್ಕೆ ಅಲ್ಲಾಡುತ್ತೆ, ಪಿನ್ನು ತನ್ನ ಜಾಗಕ್ಕೇ ಬಂದ್ರೂ ಕೇಪು ಅಲ್ಲಿ ಇರಲ್ಲ, ಪೆಟ್ಟು ಪಕ್ಕಕ್ಕೆ. ಲಾಚ್ ಸವೆದ್ರೆ ಮೇಲ್ಗಡೆ ಒಂದು ಕೂದಲಷ್ಟು ಬಾಯಿ ಬಿಟ್ಟಿರುತ್ತೆ, ಗುಂಡು ಪಿನ್ನಿಂದ ಅಷ್ಟು ದೂರ ಹೋಗುತ್ತೆ, ಪೆಟ್ಟು ಮೆತ್ತಗೆ. ಅವರು ಬರೆದ ಎರಡೂ ದೂರಿಗೆ ಒಂದೇ ಮೂಲ ಇರಬಹುದು ಅಂತ ನನ್ನ ಅನುಮಾನ, ಎದುರಿಗೆ ಇಟ್ಟು ನೋಡದೆ ಆಣೆ ಮಾಡಿ ಹೇಳಲ್ಲ. ಖಾಲಿ ಮಾಡಿ, ಮುಚ್ಚಿ, ಒಂದು ಕೈಲಿ ಬ್ಯಾರಲ್ಲು ಇನ್ನೊಂದು ಕೈಲಿ ಹಿಡಿಕೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಕೈಗೆ ಲೊಡ ಲೊಡ ಗೊತ್ತಾದ್ರೆ, ಬೆಳಕಿಗೆ ಹಿಡಿದಾಗ ಲಾಚ್ ಹತ್ರ ಗೆರೆ ಕಂಡ್ರೆ ಅಷ್ಟೇ. ಸಿನಿಮಾ ನೋಡಿ ಒಂದೇ ಕೈಯಲ್ಲಿ ಝಾಡಿಸಿ ಟಪ್ ಅಂತ ಮುಚ್ಚೋರ ರಿವಾಲ್ವರ್ ಬೇಗ ಈ ಗತಿಗೆ ಬರುತ್ತೆ. ಪಕ್ಕಕ್ಕೆ ತೆರೆಯೋದನ್ನ ಹಾಗೆ ಝಾಡಿಸಿದ್ರೂ ತೋಳು ಬಾಗುತ್ತೆ.

ಅವರೇ ಬರೆದ ಇನ್ನೊಂದು ವಿಷಯ, ಎಲೆಕ್ಷನ್ ಟೈಮಲ್ಲಿ ಸ್ಟೇಷನ್ನಿಗೆ ಕೊಟ್ಟಿದ್ದು ತಿಂಗಳಾನುಗಟ್ಟಲೆ ಅಲ್ಲೇ ಇತ್ತು ಅನ್ನೋದು. ಚುನಾವಣಾ ಆಯೋಗದ ಸೂಚನೆ ಪ್ರಕಾರ ಸ್ಕ್ರೀನಿಂಗ್ ಕಮಿಟಿ ಕೂತು ಯಾರ ಆಯುಧ ಇಡಿಸಬೇಕು ಅಂತ ಒಂದೊಂದಾಗಿ ನೋಡಬೇಕು, ಎಷ್ಟೋ ಕಡೆ ಎಲ್ಲರಿಗೂ ತಂದಿಡಿ ಅಂತ ಫೋನ್ ಬರುತ್ತೆ, ಅದು ಬೇರೆ ಜಗಳ, ಇಲ್ಲಿ ಎಳೆಯಲ್ಲ. ನಾನು ಹೇಳೋದು, ಕೊಡೋ ಮುಂಚೆ ಒಣಗಿಸಿ ತೆಳು ಎಣ್ಣೆ ಹಚ್ಚಿ ಕೊಡಿ, ಚರ್ಮದ ಚೀಲದಲ್ಲಿ ಹಾಕಿ ಕೊಡಬೇಡಿ, ಕೊಡುವಾಗ ರಸೀದಿಯಲ್ಲಿ ಸ್ಥಿತಿ ಬರೆಸ್ಕೊಳ್ಳಿ, ವಾಪಸ್ ತಂದ ದಿನ ಬಿಚ್ಚಿಸಿ ಕ್ಲೀನ್ ಮಾಡಿಸದೆ ಗುಂಡು ತುಂಬಬೇಡಿ. ಬಿಚ್ಚಿಸೋದು ಅಂದ್ರೆ ಲೈಸೆನ್ಸ್ ಇರೋ ರಿಪೇರಿಯವರ ಹತ್ರ, 1959ರ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದೆ ಆಯುಧ ರಿಪೇರಿ ಅಂಗಡಿ ನಡೆಸೋದೇ ಅಪರಾಧ. ಊರ ಕುಲುಮೆಯಲ್ಲಿ ಸ್ಪ್ರಿಂಗ್ ಕಾಯಿಸಿ ಬಗ್ಗಿಸಿ ತಂದು ನಮ್ಮ ಹತ್ರ ಫಿಟ್ ಮಾಡಿ ಅನ್ನೋರಿಗೆ ನಾನು ಕೈ ಮುಗಿದು ವಾಪಸ್ ಕಳಿಸ್ತೀನಿ. ಕೊಡಗಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 2029ರ ತನಕ ವಿನಾಯಿತಿ ಇದೆ ಅಂತ ವಾದ ಮಾಡೋರೂ ಸಿಗ್ತಾರೆ, ವಿನಾಯಿತಿ ಇರೋದು ಆಯುಧ ಇಟ್ಕೊಳ್ಳೋ ಲೈಸೆನ್ಸಿಗೆ, ಹಿಂಜ್ ಸವೆತಕ್ಕಲ್ಲ.

ಆ ಯಜಮಾನರು ಇದನ್ನ ಓದಿದ್ರೆ ಒಂದು ಕೆಲಸ ಮಾಡಲಿ. ಕ್ಲಿಕ್ ಅಂದು ಆಮೇಲೆ ಹಾರಿದ ಆ ಎರಡು ಕೇಸು ಇನ್ನೂ ಇದ್ರೆ ಕೇಪಿನ ಮೇಲೆ ಎರಡು ತಗ್ಗು ಬೇರೆ ಬೇರೆ ಕಾಣುತ್ತಾ, ಒಂದರ ಮೇಲೊಂದು ಕೂತಿದೆಯಾ ಅಂತ ಲೆನ್ಸಲ್ಲಿ ನೋಡಲಿ. ಬೇರೆ ಬೇರೆ ಜಾಗದಲ್ಲಿ ಬಿದ್ದಿದ್ರೆ, ಅದರ ನಡುವೆ ಅವರು ಗುಂಡನ್ನ ಹೊರಗೆ ತೆಗೆದು ಮತ್ತೆ ಹಾಕಿರಲಿಲ್ಲ ಅಂದ್ರೆ, ಪ್ರತಿ ಸಲಕ್ಕೂ ಸಿಲಿಂಡರೋ ಹಿಂಜೋ ಬೇರೆ ಬೇರೆ ಕಡೆ ನಿಲ್ತಿದೆ ಅಂತಾಯ್ತು. ಹೇಗೇ ಇದ್ರೂ ಆ ಎರಡನ್ನ ಒಂದು ಕವರಲ್ಲಿ, ಉಳಿದ ನಾಲ್ಕನ್ನ ಇನ್ನೊಂದು ಕವರಲ್ಲಿ ಹಾಕಿ, ಅದೇ ಡಬ್ಬಿಯ ಹೊಡೆಯದ ಗುಂಡು ಎರಡು, ರಿವಾಲ್ವರು, ಅದರ ಪೇಪರ್ ಎಲ್ಲಾ ತಗೊಂಡು ಹತ್ತಿರದ ಲೈಸೆನ್ಸ್ ಇರೋ ಗನ್ ಶಾಪಿಗೆ ಹೋಗಲಿ. ಕೇಸುಗಳನ್ನ ಹುಣಸೆಹಣ್ಣು ಹಾಕಿ ಉಜ್ಜಿ ಹೊಳಪು ಮಾಡ್ಕೊಂಡು ಮಾತ್ರ ಬರಬೇಡಿ ಅಂತ ಹೇಳಿ, ಹಾಗೆ ತಂದವರೂ ಇದ್ದಾರೆ.

ಇಂತಿ,
ಒಬ್ಬ ನಿವೃತ್ತ ಆರ್ಮರರ್,
ಸೋಮವಾರಪೇಟೆ ತಾಲೂಕು, ಕೊಡಗು